ಕಾವಲಿಲ್ಲದ ಕಾಲುವೆ

ಸಗರ ಚಕ್ರವರ್ತಿಯ ಅರವತ್ತು ಸಾವಿರ ಮಕ್ಕಳು ಯಜ್ಞದ ಕುದುರೆಯನ್ನು ಅರಸುತ್ತ ಭೂಮಿಯನ್ನು ಅಗೆದ ಕಥೆ ಕನ್ನಡಿಗರ ಮನೆಮನೆಯಲ್ಲಿಯೂ ಪರಿಚಿತವಾದುದು. ಅವರ ಕಣ್ಣೆಲ್ಲ ಕುದುರೆಯ ಮೇಲಿತ್ತು. ಅಗೆತದ ಕೊನೆಯಲ್ಲಿ ಕಪಿಲ ಮಹರ್ಷಿ ಕುಳಿತಿರಬಹುದೆಂಬ ಯೋಚನೆ ಅವರಲ್ಲಿ ಒಬ್ಬನಿಗೂ ಬರಲಿಲ್ಲ. ಅಗೆಯುವವನಿಗೆ ತಾನು ಬಯಸಿದ್ದು ಮಾತ್ರ ಕಾಣುತ್ತದೆ. ಅಗೆದ ದಾರಿಯಲ್ಲಿ ಏನೇನು ಬಂದೀತೆಂಬುದು ಆತನ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಪುರಾಣದ ಮಾತು ಅಂತಿರಲಿ. ಚರಿತ್ರೆಯ ಕಾಲದಲ್ಲಿಯೇ, ಒಂದೂವರೆ ಶತಮಾನದ ಹಿಂದೆ, ಈಜಿಪ್ಟಿನ ಮರಳುಗಾಡಿನಲ್ಲಿ ಇಂಥದೇ ಒಂದು ಅಗೆತ ನಡೆಯಿತು. ಅದರ ದಾರಿಯಲ್ಲಿ ಬಂದ ಅತಿಥಿಗಳ ಮೆರವಣಿಗೆ ಇಂದಿಗೂ ಮುಗಿದಿಲ್ಲ.

ಆ ಅಗೆತವೇ ಸೂಯೆಜ್ ಕಾಲುವೆ. ಫ್ರಾನ್ಸಿನ ಫರ್ಡಿನಾಂಡ್ ದ ಲೆಸೆಪ್ಸ್ ಎಂಬಾತನ ಛಲದ ಫಲವಾಗಿ 1859ರ ಏಪ್ರಿಲ್‌ನಲ್ಲಿ ಕೆಲಸ ಆರಂಭವಾಯಿತು. ಹತ್ತು ವರ್ಷಗಳ ತರುವಾಯ, 1869ರ ನವೆಂಬರ್ 17ರಂದು, ರಾಜರಾಣಿಯರ ಸಮ್ಮುಖದಲ್ಲಿ ಮಹಾವೈಭವದಿಂದ ಕಾಲುವೆ ತೆರೆಯಿತು. ಆಫ್ರಿಕಾ ಖಂಡವನ್ನು ಸುತ್ತಿಕೊಂಡು ಹೋಗಬೇಕಾಗಿದ್ದ ಹಡಗುಗಳಿಗೆ ಮುಂಬಯಿಯಿಂದ ಲಂಡನ್ನಿಗೆ ನಾಲ್ಕು ಸಾವಿರ ಮೈಲಿಗೂ ಮಿಕ್ಕಿದ ಹಾದಿ ಉಳಿಯಿತು. ವಿಲಾಯತಿಗೆ ವಿದ್ಯಾರ್ಜನೆಗೆಂದು ಹಡಗು ಹತ್ತಿದ ನಮ್ಮ ನಾಡಿನ ತರುಣರು, ಅಲ್ಲಿಂದ ಊರಿಗೆ ಬರೆದ ಕಾಗದಗಳಲ್ಲಿ ಎರಡು ದಂಡೆಯ ಮರಳಿನ ನಡುವೆ ನಿಧಾನವಾಗಿ ಸಾಗಿದ ಆ ಒಂದು ಹಗಲನ್ನು ಬಣ್ಣಿಸದೆ ಬಿಟ್ಟವರು ವಿರಳ. ಆದರೆ ಅವರ ಹಡಗಿನ ತಳದ ಕೆಳಗೆ ಇನ್ನೊಂದು ಬಗೆಯ ಪ್ರಯಾಣ ನಡೆದಿತ್ತು. ಅದಕ್ಕೆ ಚೀಟಿಯಿಲ್ಲ, ಸುಂಕವಿಲ್ಲ, ರಹದಾರಿಯೂ ಇಲ್ಲ.

ಈ ಪ್ರಯಾಣದ ಅರ್ಥ ತಿಳಿಯಬೇಕಾದರೆ ಕಾಲುವೆಯ ಎರಡು ಬದಿಯ ಕಡಲುಗಳ ಸ್ವಭಾವವನ್ನು ಅರಿಯಬೇಕು. ದಕ್ಷಿಣಕ್ಕೆ ಕೆಂಪು ಸಮುದ್ರ. ಅದು ಹಿಂದೂ ಮಹಾಸಾಗರದ ಒಂದು ಕೈ. ಅದರಲ್ಲಿರುವ ಮೀನು, ಏಡಿ, ಚಿಪ್ಪುಜೀವಿಗಳೆಲ್ಲ ಬಿಸಿನಾಡಿನ ಕಡಲಿನ ಮಕ್ಕಳು. ಉತ್ತರಕ್ಕೆ ಮೆಡಿಟರೇನಿಯನ್ ಎಂಬ ಭೂಮಧ್ಯ ಸಮುದ್ರ. ಸುಮಾರು ಅರವತ್ತು ಲಕ್ಷ ವರ್ಷಗಳ ಹಿಂದೆ ಈ ಸಮುದ್ರದ ಬಾಯಿ ಮುಚ್ಚಿ, ಅದು ಬಹುಮಟ್ಟಿಗೆ ಆವಿಯಾಗಿ ಉಪ್ಪಿನ ಬಯಲಾಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಬಳಿಕ ಜಿಬ್ರಾಲ್ಟರಿನ ಇಕ್ಕಟ್ಟು ಬಿಚ್ಚಿಕೊಂಡು ಅಟ್ಲಾಂಟಿಕ್ ಸಾಗರದ ನೀರು ಒಳನುಗ್ಗಿತು. ನೀರಿನೊಡನೆ ಅಟ್ಲಾಂಟಿಕ್ಕಿನ ತಂಪಿಗೆ ಒಗ್ಗಿದ ಜೀವಿಗಳೇ ಬಂದು ನೆಲೆಸಿದವು. ಹೀಗಾಗಿ ಅದರ ಪೂರ್ವದ ಮೂಲೆ, ಎಂದರೆ ಈಜಿಪ್ಟು, ಇಸ್ರೇಲ್, ಲೆಬನಾನ್, ತುರ್ಕಿ, ಸೈಪ್ರಸ್ ದೇಶಗಳ ಕಡಲು, ಬೆಚ್ಚಗಿದ್ದರೂ ಬೆಚ್ಚನೆಯ ನೀರನ್ನು ಬಯಸುವ ಜೀವಿಗಳಿಲ್ಲದ ಕಡಲಾಗಿ ಉಳಿಯಿತು. ನೂರು ಮೈಲಿಯ ಮರಳು ಮಾತ್ರ ಅಡ್ಡವಾಗಿ, ಒಂದು ಕಡೆ ಕಿಕ್ಕಿರಿದ ಮನೆ, ಇನ್ನೊಂದು ಕಡೆ ಬರಿದಾದ ಕೋಣೆಗಳು. ನಡುವಿನ ಗೋಡೆಯನ್ನು ಲೆಸೆಪ್ಸ್ ಮಹಾಶಯ ಕೆಡವಿದನು.

ಕಾಲುವೆ ತೋಡುವ ಮುನ್ನ ವಿದ್ವಾಂಸರು ಏನನ್ನೂ ಚಿಂತಿಸಲಿಲ್ಲವೆಂದು ಹೇಳಲಾಗದು. ನೆಪೋಲಿಯನ್ನನ ಜೊತೆ ಬಂದ ಎಂಜಿನಿಯರುಗಳು 1799ರಲ್ಲಿ ಅಳೆದು, ಕೆಂಪು ಸಮುದ್ರದ ಮಟ್ಟ ಹತ್ತು ಮೀಟರಿನಷ್ಟು ಮೇಲಿದೆಯೆಂದು ತಪ್ಪಾಗಿ ಲೆಕ್ಕ ಹಾಕಿದರು. ಕಾಲುವೆ ತೋಡಿದರೆ ಪ್ರಳಯವಾದೀತೆಂಬ ಭಯ ಬಹುಕಾಲ ಜನರನ್ನು ಕಾಡಿತು. 1847ರ ಅಳತೆ ಆ ಭಯವನ್ನು ನಿವಾರಿಸಿತು. ಎರಡು ಕಡಲುಗಳ ಮಟ್ಟ ಹೆಚ್ಚುಕಡಿಮೆ ಸಮವೆಂದು ತಿಳಿದ ಮೇಲೆ ಕಾಲುವೆಗೆ ಬಾಗಿಲುಗಳೇ ಬೇಡವಾದುವು. 1914ರಲ್ಲಿ ತೆರೆದ ಪನಾಮಾ ಕಾಲುವೆಯಲ್ಲಿ ಹಡಗುಗಳು ಮೆಟ್ಟಿಲಿನಂಥ ಕಟ್ಟೆಗಳನ್ನು ಏರಿ, ಗಟೂನ್ ಎಂಬ ಸಿಹಿನೀರಿನ ಸರೋವರವನ್ನು ದಾಟಿ, ಮತ್ತೆ ಇಳಿಯಬೇಕು. ಉಪ್ಪುನೀರಿನ ಮೀನಿಗೆ ಆ ಸಿಹಿನೀರು ಕೋಟೆಯ ಗೋಡೆಯಂತೆ. ಅದರಿಂದಾಗಿ ಬಹುಕಾಲ ಅಲ್ಲಿ ದಾಟಿದ ಜೀವಿಗಳು ಅತ್ಯಲ್ಪ. ಪುರಾತನ ಕಾಲದಲ್ಲಿ ಪಾರಸಿಕ ದೊರೆ ದಾರಿಯಸನ ಕಾಲುವೆಯೂ ನೈಲ್ ನದಿಗೂ ಕೆಂಪು ಸಮುದ್ರಕ್ಕೂ ಸಂಬಂಧ ಕಲ್ಪಿಸಿತ್ತು. ಅಲ್ಲಿಯೂ ನಡುವೆ ಇದ್ದುದು ನದಿಯ ಸಿಹಿನೀರೇ. ಕಡಲಿನಿಂದ ಕಡಲಿಗೆ ನೇರವಾಗಿ, ಉಪ್ಪುನೀರಿನ ಒಂದೇ ಪಟ್ಟಿಯಾಗಿ ಹರಿದದ್ದು ಲೆಸೆಪ್ಸನ ಕಾಲುವೆ.

ಆದರೂ ಆ ಕಾಲುವೆಗೆ ಇಬ್ಬರು ದ್ವಾರಪಾಲಕರಿದ್ದರು. ಅವರನ್ನು ಯಾರೂ ನೇಮಿಸಿರಲಿಲ್ಲ. ಅವರಿಗೆ ಸಂಬಳವೂ ಇರಲಿಲ್ಲ. ಅವರು ಕಾವಲು ನಿಂತಿರುವರೆಂಬುದು ಕೂಡ ಬಹುಜನಕ್ಕೆ ತಿಳಿದಿರಲಿಲ್ಲ.

ಮೊದಲನೆಯವನು ಉಪ್ಪು. ಕಾಲುವೆಯ ದಾರಿಯಲ್ಲಿ ಕಹಿ ಸರೋವರಗಳೆಂಬ ತಗ್ಗುಗಳಿವೆ. ಅಗೆಯುವ ಕಾಲಕ್ಕೆ ಅವು ಬತ್ತಿಹೋಗಿದ್ದು, ತಳದಲ್ಲಿ ಹತ್ತು ಮೀಟರಿಗೂ ಮಿಕ್ಕಿದ ದಪ್ಪದ ಉಪ್ಪಿನ ಹಾಸು ಇತ್ತು. ಕಾಲುವೆಯ ನೀರು ಅದರ ಮೇಲೆ ತುಂಬಿಕೊಂಡಿತು, ಉಪ್ಪು ಕರಗತೊಡಗಿತು. ಮೊದಲ ದಿನಗಳಲ್ಲಿ ಅಲ್ಲಿಯ ನೀರಿನಲ್ಲಿ ಸಾಮಾನ್ಯ ಕಡಲಿನ ಸುಮಾರು ಎರಡರಷ್ಟು ಉಪ್ಪಿತ್ತು. ಉಪ್ಪಿನಕಾಯಿಯ ಜಾಡಿಯಂಥ ಆ ನೀರಿನಲ್ಲಿ ಬದುಕಿ ಆಚೆ ದಾಟುವುದು ಎಲ್ಲ ಮೀನಿಗೂ ಸಾಧ್ಯವಿರಲಿಲ್ಲ.

ಎರಡನೆಯವನು ನೈಲ್ ನದಿ. ಪ್ರತಿವರ್ಷವೂ ಬೇಸಗೆಯ ಕೊನೆಗೆ ಇಥಿಯೋಪಿಯಾದ ಮಳೆ ನೈಲ್ ನದಿಯಲ್ಲಿ ಮಹಾಪೂರವಾಗಿ ಇಳಿದು, ಕಾಲುವೆಯ ಉತ್ತರದ ಬಾಯಿಗೆ ಸಮೀಪದಲ್ಲಿಯೇ ಕಡಲನ್ನು ಸೇರುತ್ತಿತ್ತು. ಆಗ ಆ ಕರಾವಳಿಯ ನೀರಿನ ಉಪ್ಪು ಇಳಿಯುತ್ತಿತ್ತು. ಕಹಿ ಸರೋವರದ ಅತಿ ಉಪ್ಪನ್ನು ಹೇಗೋ ಸಹಿಸಿ ದಾಟಿದ ಪ್ರಾಣಿಗೆ ಹೊರಬಾಗಿಲಲ್ಲಿ ಸಪ್ಪೆನೀರಿನ ಪರೀಕ್ಷೆ ಕಾದಿರುತ್ತಿತ್ತು. ಇಬ್ಬರು ಕಾವಲುಗಾರರು, ಇಬ್ಬರದೂ ವಿರುದ್ಧ ಸ್ವಭಾವ. ಇಬ್ಬರನ್ನೂ ಮೆಚ್ಚಿಸಬಲ್ಲ ಗಟ್ಟಿಗರು ಕೆಲವರೇ.

ಹೀಗಾಗಿ ಮೊದಲ ವಲಸೆ ನಿಧಾನವಾಗಿ ಸಾಗಿತು. ಕಾಲುವೆ ಇನ್ನೂ ಮುಗಿಯದಿದ್ದ 1865ರಲ್ಲಿಯೇ ಲೆಯಾನ್ ವೈಯಾನ್ ಎಂಬ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ, ಭೂಸಂಧಿಯನ್ನು ಕಡಿದರೆ ಎರಡು ಕಡಲಿನ ಜೀವಿಗಳು ಬೆರೆಯುವುವೆಂದೂ ಅದನ್ನು ದೀರ್ಘಕಾಲ ಗಮನಿಸುತ್ತಿರಬೇಕೆಂದೂ ಹೇಳಿದ್ದನು. ಆತನ ಮಾತು ನಿಜವಾಗಲು ಬಹುದಿನ ಬೇಕಾಗಲಿಲ್ಲ. 1874ರಲ್ಲಿ ಕೆಂಪು ಸಮುದ್ರದ ಮುತ್ತಿನ ಚಿಪ್ಪು ಈಜಿಪ್ಟಿನ ಉತ್ತರ ತೀರದಲ್ಲಿ ಸಿಕ್ಕಿತು. 1882ರಲ್ಲಿ ಸ್ವಿಟ್ಜರ್ಲೆಂಡಿನ ಕೊನ್ರಾಡ್ ಕೆಲರ್ ಕಾಲುವೆಗೆ ಬಂದು ಅದರ ಜೀವಿಗಳನ್ನು ಪರಿಶೀಲಿಸಿದನು. 1898ರಲ್ಲಿ ನೀಲಿ ಏಡಿಯೊಂದು ಆಚೆ ದಡದಲ್ಲಿ ಕಂಡಿತು. 1902ರಲ್ಲಿ ಬೆರಳುದ್ದದ ಒಂದು ಬೆಳ್ಳಿಮೀನು ಅಲೆಗ್ಸಾಂಡ್ರಿಯಾದ ಕಡಲಿನಲ್ಲಿ ದೊರೆತು, ದಾಖಲೆಗೆ ಬಂದ ಮೊದಲ ವಲಸೆ ಮೀನೆಂಬ ಕೀರ್ತಿಗೆ ಪಾತ್ರವಾಯಿತು. 1924ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಒಂದು ತಂಡ ಮನ್ರೋ ಫಾಕ್ಸ್ ಎಂಬ ವಿದ್ವಾಂಸನ ನಾಯಕತ್ವದಲ್ಲಿ ಕಾಲುವೆಯನ್ನೆಲ್ಲ ಜಾಲಿಸಿತು.

ಈ ಕಥೆಯಲ್ಲಿ ಕನ್ನಡ ಕರಾವಳಿಗೆ ಪರಿಚಿತನಾದ ಒಬ್ಬ ಯಾತ್ರಿಕನೂ ಇದ್ದಾನೆ. ಮಂಗಳೂರಿನ ಮೀನುಪೇಟೆಯಲ್ಲಿ ಅಂಜಲ್ ಎಂಬ ಹೆಸರಿನಿಂದ ಮೆರೆಯುವ, ಕಾರವಾರದ ಕಡೆಯವರು ಇಸ್ವಣ ಎಂದು ಕರೆಯುವ ದೊಡ್ಡ ಮೀನು ಅದು. ಪ್ಯಾಲೆಸ್ಟೈನಿನ ಮೀನುಗಾರಿಕೆಯನ್ನು ಕುರಿತ 1935ರ ಒಂದು ವರದಿಯಲ್ಲಿ ಆ ಮೀನು ಭೂಮಧ್ಯ ಸಮುದ್ರದಲ್ಲಿ ಇದ್ದ ಸಂಗತಿ ಮೊದಲಬಾರಿಗೆ ದಾಖಲಾಯಿತು. ವರದಿಯನ್ನು ಬರೆದವನು ಜೇಮ್ಸ್ ಹಾರ್ನೆಲ್. ಅದಕ್ಕೆ ಮುಂಚೆ ಮದರಾಸು ಪ್ರಾಂತದ ಮೀನುಗಾರಿಕೆಯ ಇಲಾಖೆಗೆ ನಿರ್ದೇಶಕನಾಗಿದ್ದವನು. ಆಗ ದಕ್ಷಿಣ ಕನ್ನಡವೂ ಅದೇ ಪ್ರಾಂತಕ್ಕೆ ಸೇರಿದ್ದಿತು. ಪರಸ್ಥಳದ ಬೀದಿಯಲ್ಲಿ ತನ್ನೂರಿನವನೊಬ್ಬ ಎದುರಾದರೆ ಗುರುತು ಹಿಡಿಯುವುದು ಕಷ್ಟವೇ? ಹಾರ್ನೆಲ್ಲನಿಗೆ ಆ ಮೀನು ಹೊಸದಾಗಿರಲಿಲ್ಲ. ಹೊಸದಾಗಿದ್ದುದು ಅದು ಸಿಕ್ಕಿದ ಕಡಲು. ಮುಂದೆ ಬಡವರ ಬಂಧುವಾದ ಬಂಗುಡೆಯೂ ಆ ದಾರಿಯನ್ನು ಹಿಡಿದು, ಅಪರೂಪಕ್ಕೆ ಅಲ್ಲಿ ಕಾಣಿಸಿಕೊಂಡಿತು.

ಅಷ್ಟರಲ್ಲಿ ದ್ವಾರಪಾಲಕರಿಬ್ಬರೂ ಕ್ಷೀಣಿಸುತ್ತಿದ್ದರು. ಕಹಿ ಸರೋವರದ ಉಪ್ಪಿನ ಹಾಸು ವರ್ಷ ವರ್ಷಕ್ಕೆ ಕರಗಿ, ಹರಿವಿನೊಡನೆ ಕಡಲಿಗೆ ಹೋಯಿತು. 1960ರ ದಶಕದ ವೇಳೆಗೆ ಅಲ್ಲಿಯ ನೀರು ಕೆಂಪು ಸಮುದ್ರದ ನೀರಿಗಿಂತ ಸ್ವಲ್ಪವೇ ಹೆಚ್ಚು ಉಪ್ಪಾಗಿತ್ತು. ಅದೇ ದಶಕದಲ್ಲಿ ಎರಡನೆಯ ಕಾವಲುಗಾರನ ಕೈಯನ್ನೂ ಕಟ್ಟಿಹಾಕಲಾಯಿತು. 1960ರಲ್ಲಿ ಆರಂಭವಾಗಿ 1970ರಲ್ಲಿ ಪೂರ್ಣವಾದ ಆಸ್ವಾನ್ ಮಹಾ ಅಣೆಕಟ್ಟು ಈಜಿಪ್ಟಿಗೆ ನೀರನ್ನೂ ವಿದ್ಯುತ್ತನ್ನೂ ಕೊಟ್ಟಿತು. ಆದರೆ ಕಡಲಿಗೆ ಹೋಗುತ್ತಿದ್ದ ಮಹಾಪೂರ ನಿಂತಿತು. ಆ ಪೂರದ ಫಲವತ್ತಾದ ನೀರನ್ನು ನಂಬಿ ಬದುಕಿದ್ದ ಸಾರ್ಡೀನ್ ಮೀನಿನ ಗತಿಯನ್ನು ನೋಡಿದರೆ ಸಾಕು, ನದಿ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸ ಎಷ್ಟೆಂಬುದು ತಿಳಿಯುತ್ತದೆ. 1962ರಲ್ಲಿ ಈಜಿಪ್ಟಿನ ಬೆಸ್ತರು ಸುಮಾರು 18,000 ಟನ್ ಸಾರ್ಡೀನ್ ಹಿಡಿದಿದ್ದರು. 1968ರಲ್ಲಿ ಅವರಿಗೆ ದೊರೆತುದು ಸಾವಿರ ಟನ್ನಿಗಿಂತಲೂ ಕಡಿಮೆ. ಜೊತೆಗೆ ಕಾಲುವೆಯೂ ಬೆಳೆಯುತ್ತಿತ್ತು. ಆರಂಭದಲ್ಲಿ 8 ಮೀಟರ್ ಆಳವಿದ್ದುದು ಮೇಲಿಂದ ಮೇಲೆ ಅಗೆದು ಇಂದು 24 ಮೀಟರ್ ಆಗಿದೆ. ಆಳ ಹೆಚ್ಚಿದಷ್ಟೂ ಹರಿವು ಹೆಚ್ಚು. ಹರಿವು ಹೆಚ್ಚಿದಷ್ಟೂ ಯಾತ್ರಿಕರು ಹೆಚ್ಚು. ವರ್ಷದ ಬಹುಭಾಗ ಆ ಹರಿವು ದಕ್ಷಿಣದಿಂದ ಉತ್ತರಕ್ಕೆ. ಆದಕಾರಣ ಭೂಮಧ್ಯ ಸಮುದ್ರದಿಂದ ಕೆಂಪು ಸಮುದ್ರಕ್ಕೆ ಹೋದ ಜೀವಿಗಳು ಕೆಲವೇ ಕೆಲವು; ಈ ರಸ್ತೆ ಹೆಚ್ಚುಕಡಿಮೆ ಒಮ್ಮುಖದ್ದು.

ಹಡಗುಗಳಿಂದಲೇ ಈ ಜೀವಿಗಳು ಬಂದುವೆಂದು ಯಾರಾದರೂ ವಾದಿಸಿದರೆ ಅದಕ್ಕೆ ಉತ್ತರವನ್ನು ಯುದ್ಧವೇ ಹೇಳಿದೆ. 1967ರ ಜೂನ್‌ನಲ್ಲಿ ಅರಬರಿಗೂ ಇಸ್ರೇಲಿಗೂ ಯುದ್ಧವಾಗಿ ಕಾಲುವೆ ಮುಚ್ಚಿತು. 1975ರ ಜೂನ್‌ವರೆಗೆ, ಎಂಟು ವರ್ಷಗಳ ಕಾಲ, ಒಂದು ಹಡಗೂ ಹಾಯಲಿಲ್ಲ. ಹದಿನಾಲ್ಕು ಹಡಗುಗಳು ದೊಡ್ಡ ಕಹಿ ಸರೋವರದಲ್ಲಿಯೇ ಸಿಕ್ಕಿಬಿದ್ದು, ಮರಳು ಹೊದೆದು ಹಳದಿಯಾಗಿ ನಿಂತುವು. ಮೇಲೆ ಮನುಷ್ಯರು ಒಬ್ಬರನ್ನೊಬ್ಬರು ತಡೆದರು. ಕೆಳಗೆ ಮೀನುಗಳನ್ನು ತಡೆಯುವವರು ಯಾರೂ ಇರಲಿಲ್ಲ. ಆ ವರ್ಷಗಳಲ್ಲಿ ಕಾಲುವೆಯ ಜೀವಿಗಳನ್ನು ಅಧ್ಯಯನ ಮಾಡಿದವರಲ್ಲಿ ಪ್ರಮುಖನಾದ ಫ್ರಾನ್ಸಿಸ್ ಡೋವ್ ಪೋರ್, ಈ ವಲಸೆಗೆ ಕಾಲುವೆ ಕಟ್ಟಿದವನ ಹೆಸರನ್ನೇ ಇಟ್ಟು, 1978ರಲ್ಲಿ ‘ಲೆಸೆಪ್ಸಿಯನ್ ವಲಸೆ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಹಡಗುಗಳಿಗೆ ದಾರಿ ಮಾಡಿದವನ ಹೆಸರು ಮೀನುಗಳ ಮೆರವಣಿಗೆಗೆ ಅಂಟಿಕೊಂಡಿತು. ಮಹಾಕಾರ್ಯಗಳನ್ನು ಕೈಗೊಳ್ಳುವವರಿಗೆ ಕೀರ್ತಿ ಯಾವ ಬಾಗಿಲಿನಿಂದ ಬರುವುದೋ ಬಲ್ಲವರಾರು!

ಬಂದರೆ ಬರಲಿ, ಕಡಲು ದೊಡ್ಡದು, ಎಲ್ಲರಿಗೂ ಜಾಗವಿದೆ ಎಂದು ಸಮಾಧಾನ ಪಡುವವರಿರಬಹುದು. ಬಂದವರೆಲ್ಲ ಕೆಟ್ಟವರಲ್ಲವೆಂಬುದೂ ನಿಜ. ಆದರೆ ಕೆಲವು ಅತಿಥಿಗಳ ನಡತೆಯನ್ನು ನೋಡಿದರೆ ಆ ಸಮಾಧಾನ ಉಳಿಯುವುದಿಲ್ಲ.

ಪುರಾತನ ರೋಮಿನ ಶ್ರೀಮಂತರು ಬೆಳ್ಳಿಯನ್ನು ಸುರಿದು ಕೊಳ್ಳುತ್ತಿದ್ದ ಕೆಂಪು ಗಡ್ಡಮೀನು ಆ ಕಡಲಿನ ಹಿರಿಯ ಮನೆತನದ ಮೀನು. 1954–55ರ ಚಳಿಗಾಲ ಎಂದಿಗಿಂತ ಬೆಚ್ಚಗಾಗಿ ಬಂದಿತು. ಆ ಒಂದೇ ಅನುಕೂಲವನ್ನು ಹಿಡಿದು ಕೆಂಪು ಸಮುದ್ರದಿಂದ ಬಂದ ಅದರ ದಾಯಾದಿ, ಮೈಯ ಮೇಲೆ ಹೊನ್ನಿನ ಪಟ್ಟಿಯುಳ್ಳ ಗಡ್ಡಮೀನು, ಥಟ್ಟನೆ ಹೆಚ್ಚಿತು. ಇಸ್ರೇಲಿನ ಬೆಸ್ತರ ಬಲೆಯಲ್ಲಿ ಹೊಸಬನೇ ತುಂಬಿದನು. ಹಳಬನು ಬೆಚ್ಚನೆಯ ದಡವನ್ನು ಬಿಟ್ಟು ತಂಪಾದ ಆಳಕ್ಕೆ ಸರಿದನು. ಪಿತ್ರಾರ್ಜಿತ ಮನೆಯ ಜಗಲಿಯನ್ನು ದಾಯಾದಿಗೆ ಬಿಟ್ಟು ಹಿತ್ತಲ ಕೋಣೆಗೆ ಸೇರಿಕೊಂಡ ಯಜಮಾನನ ಪಾಡು ಅದು.

ಇನ್ನು ಮೊಲಮೀನುಗಳ ಪ್ರತಾಪ. ಇವೆರಡು ಜಾತಿ ಕಡಲೊಳಗಿನ ಬಂಡೆಗಳ ಮೇಲಿನ ಪಾಚಿಯನ್ನು ಮೇಯುವವು. ಆ ಪಾಚಿಯ ತೋಪುಗಳು ಮರಿಮೀನುಗಳಿಗೆ ಮರೆ, ಮೊಟ್ಟೆಗಳಿಗೆ ತೊಟ್ಟಿಲು. ತುರ್ಕಿಯ ದಕ್ಷಿಣ ತೀರದಲ್ಲಿ ಮೊಲಮೀನುಗಳು ಮೇದು ಮೇದು, ಬಂಡೆಗಳು ಬೋಳಾಗಿವೆ. ಬೇಲಿಯಿಲ್ಲದ ಹೊಲಕ್ಕೆ ದನ ನುಗ್ಗಿದರೆ ಒಂದು ಬೆಳೆ ಹೋದೀತು. ಇಲ್ಲಿ ಬೆಳೆಯೊಡನೆ ಬಿತ್ತನೆಯೂ ಹೋಯಿತು.

1970ರ ದಶಕದಲ್ಲಿ ಕಾಣಿಸಿಕೊಂಡ ಒಂದು ಲೋಳೆಮೀನಿಗೆ ವಿಜ್ಞಾನಿಗಳು 1990ರಲ್ಲಿ ‘ಅಲೆಮಾರಿ’ ಎಂಬ ಅರ್ಥದ ಹೆಸರನ್ನಿಟ್ಟರು. ದೊಡ್ಡ ಹರಿವಾಣದಷ್ಟು ಅಗಲದ ಕೊಡೆ, ಅದರ ಕೆಳಗೆ ಉರಿಸುವ ಎಳೆಗಳು. ಬೇಸಗೆಯಲ್ಲಿ ಇವು ಹಿಂಡುಹಿಂಡಾಗಿ ಪೂರ್ವತೀರಕ್ಕೆ ಬರುತ್ತವೆ. ಮಕ್ಕಳು ನೀರಿಗಿಳಿಯುವಂತಿಲ್ಲ, ಬೆಸ್ತನ ಬಲೆ ಮೀನಿಗೆ ಬದಲಾಗಿ ಲೋಳೆಯಿಂದ ತುಂಬಿ ಹರಿಯುತ್ತದೆ. ವಿದ್ಯುತ್ ಸ್ಥಾವರಗಳು ಯಂತ್ರಗಳನ್ನು ತಂಪುಮಾಡಲು ಕಡಲಿನ ನೀರನ್ನು ಹೀರಿಕೊಳ್ಳುವ ಕೊಳವೆಗಳ ಬಾಯಿಗೂ ಇವು ಮುತ್ತುತ್ತವೆ. ಮನೆಯ ದೀಪಕ್ಕೂ ಕಡಲಿನ ಲೋಳೆಗೂ ಇಂಥ ಸಂಬಂಧವುಂಟಾದೀತೆಂದು 1869ರ ಉತ್ಸವದಲ್ಲಿ ಕುಳಿತವರು ಕನಸಿನಲ್ಲಿಯೂ ಎಣಿಸಿರಲಾರರು.

ಎಲ್ಲಕ್ಕಿಂತ ಭಯಂಕರವಾದುದು 2003ರಲ್ಲಿ ತುರ್ಕಿಯ ಗೊಕೊವಾ ಕೊಲ್ಲಿಯಲ್ಲಿ ಮೊದಲು ಸಿಕ್ಕಿದ ಒಂದು ಮೀನು. ಅಪಾಯ ಕಂಡಾಗ ನೀರನ್ನು ನುಂಗಿ ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸಿಕೊಳ್ಳುವ ಈ ಜಾತಿಯನ್ನು ಪಫರ್ ಎನ್ನುತ್ತಾರೆ. ಅದರ ಮೈಯಲ್ಲಿ ನರಗಳನ್ನು ಸ್ತಬ್ಧಗೊಳಿಸುವ ವಿಷವಿದೆ. ಬೇಯಿಸಿದರೂ ಹುರಿದರೂ ಆ ವಿಷ ಹೋಗುವುದಿಲ್ಲ. ಅದಕ್ಕೆ ಮದ್ದೂ ಇಲ್ಲ. ಕಡಲಿನ ತೀರದಲ್ಲಿಯೇ ಹುಟ್ಟಿ ಬೆಳೆದು, ತಮ್ಮ ಮೀನುಗಳನ್ನು ತಾವೇ ಬಲ್ಲೆವೆಂದು ನಂಬಿದ್ದ ಜನಕ್ಕೆ ಇದು ಅಪರಿಚಿತ. 2005ರಿಂದ 2008ರವರೆಗೆ ಇಸ್ರೇಲಿನಲ್ಲಿ ಹದಿಮೂರು ಮಂದಿ ಇದನ್ನು ತಿಂದು ಆಸ್ಪತ್ರೆ ಸೇರಿದರು. ದೈವಕೃಪೆಯಿಂದ ಎಲ್ಲರೂ ಬದುಕಿಕೊಂಡರು. ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಅಡಿಗೆಮನೆಯ ತಿಳಿವಳಿಕೆ, ಯಾವುದು ತಿನ್ನತಕ್ಕದ್ದು ಯಾವುದು ತಿನ್ನಬಾರದ್ದು ಎಂಬ ವಿವೇಕ, ಒಂದು ತಲೆಮಾರಿನಲ್ಲಿ ಸುಳ್ಳಾಗುವುದೆಂದರೆ ಸಾಮಾನ್ಯವೇ? ವಿಷದ ಜೊತೆಗೆ ಅದಕ್ಕೆ ಗಿಣಿಯ ಕೊಕ್ಕಿನಂಥ ಹಲ್ಲುಗಳೂ ಇವೆ. ಬಲೆಯನ್ನು ಕತ್ತರಿಸಿ, ಸಿಕ್ಕ ಮೀನನ್ನು ತಿಂದು, ಗಾಳವನ್ನೂ ತುಂಡರಿಸಿ ಹೋಗುತ್ತದೆ. ಸಾಲ ಮಾಡಿ ಬಲೆ ಕೊಂಡ ಬೆಸ್ತನು ಹರಕು ಬಲೆಯನ್ನು ಎಳೆದುಕೊಂಡು ಮನೆಗೆ ಬರುತ್ತಾನೆ. ತುರ್ಕಿಯ ಸರ್ಕಾರ 2020ರಲ್ಲಿ, ಈ ಮೀನಿನ ಬಾಲವೊಂದನ್ನು ತಂದೊಪ್ಪಿಸಿದರೆ ಇಷ್ಟು ಹಣವೆಂದು ಸಾರಿತು. ಹಿಂದೆ ನಮ್ಮಲ್ಲಿ ಊರಿಗೆ ನುಗ್ಗಿದ ಹುಲಿ ಚಿರತೆಗಳ ತಲೆಗೆ ಬಹುಮಾನ ಸಾರುತ್ತಿದ್ದಂತೆಯೇ ಇದು.

ಸಿಂಹಮೀನಿನ ಕಥೆ ಇನ್ನೊಂದು ಬಗೆ. ರಂಗಸ್ಥಳದ ಬಣ್ಣದ ವೇಷದಂತೆ ಪಟ್ಟೆಪಟ್ಟೆಯ ರೆಕ್ಕೆ ಬಿಚ್ಚಿ ತೇಲುವ ಈ ಮೀನಿನ ಮುಳ್ಳುಗಳಲ್ಲಿ ವಿಷ. 1991ರಲ್ಲಿ ಒಂದೇ ಒಂದು ಕಂಡು, ಬಳಿಕ ಇಪ್ಪತ್ತು ವರ್ಷ ಸುಳಿವಿಲ್ಲ. 2012ರಲ್ಲಿ ಲೆಬನಾನಿನ ಬಳಿ ಮತ್ತೆ ಕಾಣಿಸಿಕೊಂಡಿತು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಸೈಪ್ರಸ್, ಗ್ರೀಸ್, ಟ್ಯುನೀಸಿಯಾ, ಇಟಲಿಗಳವರೆಗೆ ಹಬ್ಬಿತು. ಬಂದ ಒಂದೆರಡು ಮೀನು ಏನು ಮಾಡೀತೆಂದು ಉದಾಸೀನ ಮಾಡುವವರಿಗೆ ಈ ಇಪ್ಪತ್ತು ವರ್ಷಗಳ ಮೌನವೇ ಉತ್ತರ.

ಆದರೆ ಮನುಷ್ಯನು ಹೊಂದಿಕೊಳ್ಳುವ ಪ್ರಾಣಿ. ಮೊಲಮೀನು, ಗಡ್ಡಮೀನು, ಕೆಂಪು ಸಮುದ್ರದ ಸೀಗಡಿ ಇವೆಲ್ಲ ಇಂದು ಪೂರ್ವತೀರದ ಪೇಟೆಗಳಲ್ಲಿ ಬೆಲೆಗೆ ಹೋಗುತ್ತವೆ. ಸೈಪ್ರಸ್ಸಿನವರು ಸಿಂಹಮೀನಿನ ಮುಳ್ಳನ್ನು ಕತ್ತರಿಸಿ ತಿನ್ನಲು ಕಲಿತಿದ್ದಾರೆ. ಟ್ಯುನೀಸಿಯಾದ ಗಾಬೆಸ್ ಕೊಲ್ಲಿಗೆ 2014ರಲ್ಲಿ ನೀಲಿ ಏಡಿಗಳು ಮುತ್ತಿ ಬಲೆಗಳನ್ನೂ ಮೀನುಗಳನ್ನೂ ಹಾಳುಮಾಡಿದಾಗ, ಅಲ್ಲಿಯ ಬೆಸ್ತರು ಅವಕ್ಕೆ ಒಂದು ಕ್ರೂರ ಉಗ್ರಗಾಮಿ ಸಂಘಟನೆಯ ಹೆಸರನ್ನಿಟ್ಟು ಶಪಿಸಿದರು. ಕೆಲವು ವರ್ಷಗಳಲ್ಲಿ ಅದೇ ಏಡಿಯನ್ನು ಹಿಡಿದು, ಶೈತ್ಯಾಗಾರದಲ್ಲಿಟ್ಟು, ಏಷ್ಯದ ದೇಶಗಳಿಗೆ ರಫ್ತು ಮಾಡುವ ವ್ಯಾಪಾರ ಬೆಳೆಯಿತು. ಬೆಸ್ತರ ಈ ಜಾಣತನ ಮೆಚ್ಚತಕ್ಕದ್ದು. ಆದರೆ ನಷ್ಟದಿಂದ ನಾಲ್ಕು ಕಾಸು ಸಂಪಾದಿಸಿದವನ ಜಾಣತನ, ನಷ್ಟವನ್ನು ತಂದವನ ಸಮರ್ಥನೆಯಾಗಲಾರದು.

ನಷ್ಟವೆಲ್ಲ ಕಾಲುವೆಯದೇ ಎಂದು ಹೇಳುವುದೂ ನ್ಯಾಯವಲ್ಲ. ಇಸ್ರೇಲಿನ ತೀರದ ಕಡಲ ತಳವನ್ನು ಪರಿಶೀಲಿಸಿದ ವಿಜ್ಞಾನಿಗಳು, ಸತ್ತ ಚಿಪ್ಪುಗಳನ್ನೂ ಜೀವಂತ ಚಿಪ್ಪುಜೀವಿಗಳನ್ನೂ ಹೋಲಿಸಿ, 2021ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಆಳವಿಲ್ಲದ ನೀರಿನಲ್ಲಿ, ಹಿಂದೆ ಇದ್ದ ದೇಶೀಯ ಚಿಪ್ಪುಜಾತಿಗಳ ಪೈಕಿ ಮರಳಿನ ತಳದಲ್ಲಿ ಶೇಕಡ 12, ಬಂಡೆಯ ತಳದಲ್ಲಿ ಶೇಕಡ 5 ಮಾತ್ರ ಇಂದು ಜೀವಂತವಾಗಿ ದೊರೆಯುತ್ತವೆ. ಇದಕ್ಕೆ ಮುಖ್ಯ ಕಾರಣ ಕಡಲಿನ ನೀರು ಕಾಯುತ್ತಿರುವುದೆಂದು ಅವರ ಅಭಿಪ್ರಾಯ. ಕಾವು ಹೆಚ್ಚಿದಂತೆ ಹಳಬರು ಉಳಿಯಲಾರರು. ಅದೇ ಕಾವು ಬಿಸಿನಾಡಿನಿಂದ ಬಂದ ಹೊಸಬರಿಗೆ ತವರಿನ ಸುಖ. ಒಂದು ಕಡೆ ಮನೆಯವರು ಕಾಯಿಲೆ ಬಿದ್ದಿದ್ದಾರೆ. ಇನ್ನೊಂದು ಕಡೆ ಬಾಗಿಲು ಹಾರುಹೊಡೆದಿದೆ. ಯಾವುದರಿಂದ ಮನೆ ಕೆಟ್ಟಿತೆಂದು ಬೇರೆಬೇರೆಯಾಗಿ ಲೆಕ್ಕ ಹಾಕುವುದು ಕಷ್ಟ. ಆದರೆ ಒಂದನ್ನು ಮುಚ್ಚಬಹುದಾದರೆ ಮುಚ್ಚಬಾರದೇಕೆ?

ಮುಚ್ಚಲು ಉಪಾಯವಿಲ್ಲದೆ ಇಲ್ಲ. ಭೂಮಧ್ಯ ಸಮುದ್ರದಲ್ಲಿ ಇಂದು ಸುಮಾರು ಏಳುನೂರು ಜಾತಿಯ ಪರಕೀಯ ಜೀವಿಗಳಿವೆಯೆಂದೂ ಅವುಗಳಲ್ಲಿ ಅರ್ಧದಷ್ಟು ಈ ಕಾಲುವೆಯಿಂದ ಬಂದವೆಂದೂ ತಜ್ಞರು ಎಣಿಸಿದ್ದಾರೆ. 2014ರಲ್ಲಿ ಈಜಿಪ್ಟು ಕಾಲುವೆಯನ್ನು ಇನ್ನಷ್ಟು ವಿಸ್ತರಿಸಲು ಹೊರಟಾಗ, ಹಲವು ದೇಶಗಳ ನೂರಾರು ವಿಜ್ಞಾನಿಗಳು ಒಂದೇ ದನಿಯಿಂದ ಎಚ್ಚರಿಕೆ ಕೊಟ್ಟರು. ಕಾಲುವೆಯನ್ನು ಮುಚ್ಚಿರೆಂದು ಅವರು ಹೇಳಲಿಲ್ಲ. ವಿಸ್ತರಿಸುವ ಮುನ್ನ ಕಡಲಿಗಾಗುವ ಹಾನಿಯನ್ನು ಅಳೆದು, ತಡೆಯ ಏರ್ಪಾಡು ಮಾಡಿರೆಂದರು. ಕರಗಿಹೋದ ಮೊದಲನೆಯ ದ್ವಾರಪಾಲಕನನ್ನು ಮತ್ತೆ ಕರೆತರುವುದು ಅಂಥ ಒಂದು ಸೂಚನೆ. ಕಡಲಿನ ನೀರಿನಿಂದ ಸಿಹಿನೀರನ್ನು ತೆಗೆಯುವ ಕಾರ್ಖಾನೆಗಳಲ್ಲಿ ಉಳಿಯುವ ಗಾಢವಾದ ಉಪ್ಪುನೀರನ್ನು ಕಹಿ ಸರೋವರಗಳಿಗೆ ಬಿಟ್ಟರೆ ಅಲ್ಲಿಯ ಹಳೆಯ ಉಪ್ಪಿನ ಗೋಡೆ ಮತ್ತೆ ಏಳಬಹುದೆಂಬುದು ಅದರ ಸಾರ. ಹಡಗಿಗೆ ಉಪ್ಪು ಅಡ್ಡಿಯಲ್ಲ, ಮೀನಿಗೆ ಅಡ್ಡಿ. ಎಚ್ಚರಿಕೆ ಕೊಟ್ಟದ್ದು 2014ರಲ್ಲಿ. 2015ರ ಆಗಸ್ಟ್ 6ರಂದು, ಒಂದೇ ವರ್ಷದ ಅವಧಿಯಲ್ಲಿ, 35 ಕಿಲೋಮೀಟರ್ ಹೊಸ ದಾರಿಯನ್ನು ಅಗೆದು ಉತ್ಸವ ಮಾಡಿಯಾಗಿತ್ತು.

2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಎಂಬ ಭಾರಿ ಹಡಗು ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ನಿಂತಾಗ ಲೋಕವೆಲ್ಲ ಉಸಿರು ಬಿಗಿಹಿಡಿದು ನೋಡಿತು. ದಿನಕ್ಕೆ ಎಷ್ಟು ಕೋಟಿ ನಷ್ಟವೆಂದು ಪತ್ರಿಕೆಗಳು ಲೆಕ್ಕ ಹಾಕಿದುವು. ಹಡಗಿನ ನಷ್ಟಕ್ಕೆ ಲೆಕ್ಕವುಂಟು, ವಿಮೆಯುಂಟು, ವಕೀಲರುಂಟು. 2022–23ರ ಹಣಕಾಸಿನ ವರ್ಷದಲ್ಲಿ ಕಾಲುವೆಯ ಸುಂಕದಿಂದ ಈಜಿಪ್ಟಿಗೆ ಬಂದ ಆದಾಯ ಸುಮಾರು 940 ಕೋಟಿ ಡಾಲರು. ಸೈಪ್ರಸ್ಸಿನ ಬೆಸ್ತನ ಹರಿದ ಬಲೆ ಆ ಲೆಕ್ಕದ ಪುಸ್ತಕದ ಯಾವ ಪುಟದಲ್ಲಿಯೂ ಇಲ್ಲ. ಈಜಿಪ್ಟು ಬಡದೇಶ, ಕಾಲುವೆ ಅದರ ಜೀವನಾಡಿ. ಅದರ ಲಾಭವನ್ನು ಪಡೆದವರು ಈಜಿಪ್ಟಿನವರು ಮಾತ್ರವೂ ಅಲ್ಲ. ಅಗ್ಗವಾಗಿ ಸಾಮಾನು ತರಿಸಿಕೊಂಡ ಯೂರೋಪಿಗೂ, ಹತ್ತಿರದ ದಾರಿಯಿಂದ ಸರಕು ಕಳಿಸಿದ ಭಾರತಕ್ಕೂ ಅದರಲ್ಲಿ ಪಾಲಿದೆ. ಲಾಭದಲ್ಲಿ ಪಾಲು ಪಡೆದವರು ಕಾವಲಿನ ವೆಚ್ಚದಲ್ಲಿಯೂ ಪಾಲು ಕೊಡುವುದು ಧರ್ಮ.

ಇದು ದೂರದ ಕಡಲಿನ ಮಾತೆಂದು ಕೈಬಿಡುವಂತಿಲ್ಲ. ಹಡಗಿನ ಮೈಗೆ ಅಂಟಿಕೊಂಡೋ ಅದರ ಹೊಟ್ಟೆಯ ನೀರಿನಲ್ಲಿಯೋ ಪ್ರಯಾಣ ಮಾಡುವ ಜೀವಿಗಳಿಗೆ ಕಾಲುವೆಯೂ ಬೇಡ. ಅಮೆರಿಕದ ಉಷ್ಣ ತೀರಗಳ ಒಂದು ಪುಟ್ಟ ಕಪ್ಪೆಚಿಪ್ಪು 1967ರಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ ಕಂಡುಬಂದು, ಮುಂದೆ ಮುಂಬಯಿಯಲ್ಲಿಯೂ ನೆಲೆಸಿತು. ಹಡಗಿನ ತಳಗಳಿಗೂ ಕಂಬಗಳಿಗೂ ಗೊಂಚಲು ಗೊಂಚಲಾಗಿ ಅಂಟಿ ಬೆಳೆಯಿತು. ಹಡಗುಗಳು ಹೊತ್ತು ತರುವ ನೀರನ್ನು ಶುದ್ಧಮಾಡಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಆಗಿ 2017ರಲ್ಲಿ ಜಾರಿಗೆ ಬಂದಿತು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯನ್ನು ನೆನೆದು ನಗಬಹುದು. ಆದರೆ ಉಳಿದ ಊರುಗಳೂ ಇವೆಯಲ್ಲ! ತಡವಾಗಿ ಹಾಕಿದ ಬಾಗಿಲೂ ನಾಳೆ ಬರುವವನಿಗೆ ಬಾಗಿಲೇ.

ಪನಾಮಾದ ಗಟೂನ್ ಸರೋವರಕ್ಕೆ 2016ರಲ್ಲಿ ಇನ್ನೂ ದೊಡ್ಡದಾದ ಹೊಸ ಕಟ್ಟೆಗಳನ್ನು ಸೇರಿಸಿದ ಬಳಿಕ ಅಲ್ಲಿಯ ಸಿಹಿನೀರಿನಲ್ಲಿಯೂ ಕಡಲಿನ ಮೀನುಗಳು ಹೆಚ್ಚುತ್ತಿವೆ. ಅಲ್ಲಿಯ ದ್ವಾರಪಾಲಕನು ಇನ್ನೂ ನಿಂತಿದ್ದಾನೆ. ಅವನ ಹಿಡಿತ ಮಾತ್ರ ಸಡಿಲವಾಗಿದೆ. ಸೂಯೆಜ್ಜಿನ ಕಥೆಯನ್ನು ಬಲ್ಲವರು ಅವನನ್ನು ಈಗಲೇ ವಿಚಾರಿಸಿಕೊಳ್ಳುವುದು ಲೇಸು. ಬಂದ ಮೀನನ್ನು ಹಿಂದಕ್ಕೆ ಕಳಿಸುವ ವಿದ್ಯೆ ಇದುವರೆಗೆ ಯಾರಿಗೂ ಸಿದ್ಧಿಸಿಲ್ಲ.